ಸುಲ್ತಾನನ ಜಾಗ

ಮುಜ್ನಾಳ ಜೇನುಗೂಡಿನ ಬಾಯಲ್ಲಿ ಬೆಳಗಿನಿಂದ ಹೊಡೆದಾಟ ನಡೆದಿತ್ತು. ಒಂದು ಹುಳು ಇನ್ನೊಂದರ ರೆಕ್ಕೆ ಕಚ್ಚಿ ಎಳೆಯುವುದು, ಎರಡೂ ಉರುಳಾಡಿಕೊಂಡು ಕೆಳಗೆ ಬೀಳುವುದು, ಒಂದು ಮಾತ್ರ ಎದ್ದು ಹಾರುವುದು. ನೆಲದ ಮೇಲೆ ಸತ್ತ ಹುಳುಗಳು ಗುಡ್ಡೆ ಬಿದ್ದಿದ್ದವು, ಅವುಗಳ ಮೇಲೆ ಮೇಣದ ಸಣ್ಣ ಪುಡಿ ಉದುರಿತ್ತು. ಮುಜ್ನಾ ಕುಕ್ಕರುಗಾಲಲ್ಲಿ ಕೂತು ಆ ಪುಡಿಯನ್ನು ಬೆರಳಿಗೆ ಒತ್ತಿಕೊಂಡು ಮೂಸಿ ನೋಡಿದಳು. ಜೇನು ತುಂಬಿ ಮುಚ್ಚಿಟ್ಟ ಕಣಗಳ ಮುಚ್ಚಳ ಒಡೆದರೆ ಮಾತ್ರ ಅಂಥ ಪುಡಿ ಬೀಳುತ್ತದೆ. ಯಾರೋ ಉಗ್ರಾಣಕ್ಕೇ ನುಗ್ಗಿದ್ದರು.

"ಅಣ್ಣಾ, ಎದ್ದೇಳು. ಕಳ್ಳರು ಬಿದ್ದಿದಾರೆ."

ಪಿಕಪ್ ಗಾಡಿಯ ನೆರಳಲ್ಲಿ ಮಲಗಿದ್ದ ಮಬ್ಖೂತ್ ಮುಖದ ಮೇಲಿನ ಬಟ್ಟೆ ಸರಿಸಿದ. ಅವನ ಹೆಸರಿಗೆ ಅದೃಷ್ಟವಂತ ಎಂದು ಅರ್ಥ. ಹೆಸರಿಟ್ಟವರು ಸ್ವಲ್ಪ ಅವಸರಪಟ್ಟರು, ಅಷ್ಟೆ. "ಎಲ್ಲಿ? ಎಷ್ಟು ಜನ? ಕೈಯಲ್ಲಿ ಬಂದೂಕ ಇದ್ಯಾ?"

"ಬಂದೂಕ ಇಲ್ಲ, ಕೊಂಡಿ ಇದೆ. ಸಾವಿರ ಜನ ಇದಾರೆ."

"ಓ, ಹುಳಾನಾ," ಎಂದು ಅವನು ಬಟ್ಟೆಯನ್ನು ಮತ್ತೆ ಮುಖದ ಮೇಲೆ ಎಳೆದುಕೊಂಡ.

ಎಲಚಿ ಮರ ಹೂ ಬಿಡುವ ಮುಂಚಿನ ಆ ದಿನಗಳಲ್ಲಿ ದೋಆನ್ ಕಣಿವೆಯಲ್ಲಿ ಸಾಚಾ ಎನ್ನುವವರು ಯಾರೂ ಉಳಿಯುವುದಿಲ್ಲ. ಕಾಗೆ ನಾಯಿಯ ಬಾಯಿಂದ ಕಿತ್ತುಕೊಳ್ಳುತ್ತದೆ. ನರಿ ಹದ್ದನ್ನು ಬೆದರಿಸಿ ಅದರ ಕಾಲಡಿಯ ಇಲಿಯನ್ನು ಎತ್ತಿಕೊಂಡು ಹೋಗುತ್ತದೆ. ಇರುವೆ ಪಕ್ಕದ ಇರುವೆಯ ಬಿಲದಿಂದ ಕಾಳು ಹೊತ್ತು ತರುತ್ತದೆ. ಜೇನುಹುಳುವನ್ನು ಮಾತ್ರ ಜನ ಬೆವರು ಸುರಿಸಿ ತಿನ್ನುವ ಪ್ರಾಣಿ ಎಂದು ಹೊಗಳುತ್ತಾರೆ. ಹೊಗಳಲಿ ಬಿಡಿ, ಹೊಗಳಿಕೆಗೇನು ಸುಂಕವೇ. ಹೂವಿಲ್ಲದ ಕಾಲದಲ್ಲಿ ಅದರಂಥ ದರೋಡೆಕೋರ ಇನ್ನೊಬ್ಬನಿಲ್ಲ. ಬಲವಾದ ಗೂಡಿನ ಹುಳುಗಳು ಬಡ ಗೂಡನ್ನು ವಾಸನೆ ಹಿಡಿದು ಪತ್ತೆ ಮಾಡುತ್ತವೆ, ಬಾಗಿಲ ಕಾವಲಿನವರನ್ನು ಕೊಲ್ಲುತ್ತವೆ, ಒಂದು ತೊಟ್ಟು ಬಿಡದೆ ಹೊತ್ತು ತಮ್ಮ ಮನೆ ತುಂಬಿಸಿಕೊಳ್ಳುತ್ತವೆ. ದೋಚಿಸಿಕೊಂಡ ಗೂಡು ವಾರದೊಳಗೆ ಹಸಿದು ಸಾಯುತ್ತದೆ.

ಮುಜ್ನಾಳ ಹತ್ತಿರ ಉಳಿದಿದ್ದದ್ದು ಇದೊಂದೇ ಗೂಡು. ಗಂಡ ಬದುಕಿದ್ದಾಗ ಮಣ್ಣಿನ ಕೊಳವೆ ಗೂಡುಗಳು ಗೋಡೆಯಂತೆ ಪೇರಿಸಿ ನಿಂತಿದ್ದವು. ಅವನು ಹೋದ ಮೇಲೆ ಬಿಸಿಲು ಕೆಲವನ್ನು ತಿಂದಿತು, ಕಡಜ ಕೆಲವನ್ನು ತಿಂದಿತು. ಈ ಒಂದೂ ಹೋದರೆ ಅವಳ ಜಾಗ ಹೋಗುತ್ತಿತ್ತು. ಆ ಬಯಲಿನಲ್ಲಿ ಬೀಡು ಬಿಡುವ ಜೇನುಗಾರರಲ್ಲಿ ಹಳೆಯ ಕಟ್ಟಳೆಯೊಂದಿದೆ. ಎಲಚಿಯ ಮೊದಲ ಹೂ ಬಿರಿದ ದಿನ ಬೀಡಿನ ಮುಖಂಡ, ಮುಕದ್ದಮ್ ಬಖೀತ್, ಪ್ರತಿ ಬಿಡಾರಕ್ಕೂ ಬಂದು ಗೂಡಿಗೆ ಕಿವಿ ಹಚ್ಚುತ್ತಾನೆ. ಗೂಡು ಮೊರೆದರೆ ಆ ಜಾಗ ಮುಂದಿನ ವರ್ಷಕ್ಕೂ ಅವರದೇ. ಮೊರೆಯದಿದ್ದರೆ ಕೇಳಿದವರಿಗೆ ಕೊಡುತ್ತಾನೆ. ಮುಜ್ನಾಳದ್ದು ನೀರು ಜಿನುಗುವ ಊಟೆಯ ಪಕ್ಕದ ಜಾಗ, ಮಧ್ಯಾಹ್ನದ ಹೊತ್ತಿಗೆ ಬಂಡೆಯ ನೆರಳು ಬೀಳುವ ಜಾಗ, ಗಂಡ ತನ್ನ ಕೈಯಾರೆ ಕಲ್ಲು ಹೊತ್ತು ಹಸನು ಮಾಡಿದ ಜಾಗ. ಅದು ಹೋದರೆ ಅವಳು ಅಣ್ಣನ ಮನೆ ಸೇರಿ, ಅತ್ತಿಗೆಯ ಒಲೆಯ ಮುಂದೆ ಕೂತು, ಅವಳು ಹೇಳಿದಷ್ಟು ರೊಟ್ಟಿ ಸುಡಬೇಕು. ಆ ಅತ್ತಿಗೆಯ ನಾಲಿಗೆಗಿಂತ ಕಡಜದ ಕೊಂಡಿಯೇ ವಾಸಿ.

ಆ ಜಾಗವನ್ನು ಕೇಳುವವನು ಯಾರೆಂದು ಇಡೀ ಬೀಡಿಗೆ ಗೊತ್ತಿತ್ತು. ಅವನು ಕರಾಮ. ಮಗ ಸಾಲಿಮ್ ಹುಟ್ಟಿದಂದಿನಿಂದ ಜನ ಅವನನ್ನು ಅಬೂ ಸಾಲಿಮ್, ಸಾಲಿಮನ ಅಪ್ಪ, ಎಂದೇ ಕರೆಯುತ್ತಿದ್ದರು. ಜೇನಿನ ಕೆಲಸದಲ್ಲಿ ಗಟ್ಟಿಗ. ಆದರೆ ಹೊಗಳಿಕೆಯ ಹಸಿವು ಜಾಸ್ತಿ. ಅವನ ಗೂಡುಗಳ ಗೋಡೆಯಲ್ಲಿ ಮೇಲಿನ ಮೂಲೆಯ ಕೊಳವೆಗೆ ಸುಲ್ತಾನ ಎಂದು ಹೆಸರಿಟ್ಟಿದ್ದ. ಬಂದ ನೆಂಟರಿಗೆ ಮಗನಿಗಿಂತ ಮೊದಲು ಸುಲ್ತಾನನನ್ನು ತೋರಿಸುತ್ತಿದ್ದ. ದಿನಕ್ಕೊಮ್ಮೆ ಮುಜ್ನಾಳ ಬಿಡಾರದ ಹತ್ತಿರ ಹಾದು ಹೋಗುವಾಗ ದನಿ ಎತ್ತರಿಸಿ ಕೇಳುತ್ತಿದ್ದ, "ಹೇಗಿದೆ ತಂಗಿ ನಿನ್ನ ಗೂಡು? ಇನ್ನೂ ಉಸಿರಾಡ್ತಾ ಇದ್ಯಾ?"

"ನಿನ್ನ ದಯೆಯಿಂದ ಅಬೂ ಸಾಲಿಮ್, ನೀನು ಅತ್ಲಾಗೆ ಹೋದ್ರೆ ಇನ್ನೂ ಚೆನ್ನಾಗಿ ಉಸಿರಾಡುತ್ತೆ," ಎನ್ನುತ್ತಿದ್ದಳು ಅವಳು.

ಅವತ್ತು ಮುಜ್ನಾ ಹಿಟ್ಟಿನ ಡಬ್ಬಿ ತಂದಳು. ಗೂಡಿನ ಬಾಯಿಂದ ಹೊಟ್ಟೆ ಬಿರಿಯೆ ಕುಡಿದು ಹೊರಬರುವ ಕಳ್ಳ ಹುಳುಗಳ ಮೇಲೆ ಒಂದು ಚಿಟಿಕೆ ಗೋಧಿ ಹಿಟ್ಟು ಊದಿದಳು. ಗೂಡಿನದೇ ಹುಳು ಹೊರಡುವಾಗ ಹಗುರಾಗಿ ಹಾರುತ್ತದೆ. ಕದ್ದು ಹೊರಟ ಹುಳು ತೂಕಕ್ಕೆ ಜಗ್ಗಿ, ಗೂಡಿನ ಮೈಮೇಲೆ ಸ್ವಲ್ಪ ಹತ್ತಿ ಹೋಗಿ ಆಮೇಲೆ ಹಾರುತ್ತದೆ. ಮೈಯೆಲ್ಲ ಬೆಳ್ಳಗಾದ ಹುಳುಗಳು ಎದ್ದವು. ಮುಜ್ನಾ ಖರ್ಜೂರದ ಗರಿಯ ಉದ್ದ ಟೋಪಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಅವುಗಳ ಹಿಂದೆ ಓಡಿದಳು. ಆ ವಯಸ್ಸಿನ ಹೆಂಗಸು ಹಾಗೆ ಓಡಿದ್ದನ್ನು ನೋಡಿ ಆಡುಗಳು ದಾರಿ ಬಿಟ್ಟವು.

ಬಿಳಿ ಹುಳುಗಳು ನೇರ ಹೋಗಿ ಸುಲ್ತಾನನ ಬಾಯೊಳಗೆ ಇಳಿದವು.

ಮುಜ್ನಾ ತಿರುಗಿ ಬಂದು ಗೂಡಿನ ಮುಂದೆ ಕೂತಳು. ಅವಳಿಗೆ ಅಳು ಬಂತು, ಅದಕ್ಕಿಂತ ಜೋರಾಗಿ ಸಿಟ್ಟು ಬಂತು. ಆಮೇಲೆ ಎದ್ದು ತನ್ನ ಗೂಡಿನ ಹಿಂಬಾಗಿಲ ಮುಚ್ಚಳ ತೆಗೆದು, ಹೊಗೆ ಊದಿ, ಮೇಣದ ಎರಿಗಳ ನಡುವೆ ಕೈಯಾಡಿಸಿ, ಉದ್ದ ಹೊಟ್ಟೆಯ ರಾಣಿಹುಳುವನ್ನು ಹಿಡಿದಳು. ಇಲ್ಲಿಯವರು ರಾಣಿಗೆ ರಾಣಿ ಎನ್ನುವುದಿಲ್ಲ, ಅಪ್ಪ ಎನ್ನುತ್ತಾರೆ. ಮೊಟ್ಟೆ ಇಡುವ ಅಪ್ಪ ಎಂದು ಹೊರಗಿನವರು ನಕ್ಕರೆ ಇವರಿಗೆ ಲೆಕ್ಕವಿಲ್ಲ. ಅಪ್ಪನನ್ನು ಜೊಂಡಿನ ಕಡ್ಡಿಗಳ ಪುಟ್ಟ ಪಂಜರದಲ್ಲಿ ಕೂರಿಸಿ, ಪಂಜರವನ್ನು ಎರಿಯ ಮಧ್ಯೆ ಸಿಕ್ಕಿಸಿ ಮುಚ್ಚಳ ಹಾಕಿದಳು.

ಮಬ್ಖೂತ್ ಇಣುಕಿ ನೋಡುತ್ತಿದ್ದ. "ಅಪ್ಪನ್ನ ಯಾಕೆ ಜೈಲಿಗೆ ಹಾಕಿದ್ದು?"

"ಮನೆಗೆ ನೆಂಟರು ಬರೋ ಹಾಗಿದೆ. ಮುಂಗೋಪದ ನೆಂಟರು. ಅವರ ಸಿಟ್ಟು ಇಳಿಯೋ ತನಕ ಅಪ್ಪ ಒಳಗಿರ್ಲಿ. ಏಳು, ಮೈಕೊಡವಿ ಶಾಲು ಹೊದ್ಕೋ. ಮುಕದ್ದಮರಿಗೆ ಹೇಳಿ ಕಳ್ಸು, ಅಬೂ ಸಾಲಿಮ್ ಡೇರೇಲಿ ಪಂಚಾಯ್ತಿ."

"ಅವನ ಡೇರೇಲೇ? ಸೋತ್ರೆ?"

"ಸೋತ್ರೇನೇ ಕೆಲಸ ಸಲೀಸು," ಎಂದಳು. ಮಬ್ಖೂತನಿಗೆ ತಂಗಿಯ ತಲೆ ಕೆಟ್ಟಿದೆ ಎನ್ನುವುದು ಖಾತ್ರಿಯಾಯಿತು.

ಇಳಿಹೊತ್ತಿನ ಅಸರ್ ನಮಾಜು ಕಳೆದ ಮೇಲೆ ಕರಾಮನ ಡೇರೆಯಲ್ಲಿ ಜನ ಕೂಡಿದರು. ಮುಜ್ನಾ ಡೇರೆಯ ಅಂಚಿನಲ್ಲಿ ಅಣ್ಣನ ಪಕ್ಕ ಕೂತು, ಮುಖಪರದೆಯೊಳಗಿಂದ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಮುಕದ್ದಮ್ ಬಖೀತ್ ಎದ್ದು ಹೋಗಿ ಸುಲ್ತಾನನ ಬಾಯಲ್ಲಿ ಹಿಟ್ಟು ಹತ್ತಿದ್ದನ್ನು ಕಣ್ಣಾರೆ ನೋಡಿಕೊಂಡು ಬಂದ. ಹಲ್ಲಿಲ್ಲದ, ಒಂದು ಕಿವಿ ಮಂದವಾದ ಮುದುಕ, ಆದರೆ ಅವನ ಮಾತನ್ನು ಯಾರೂ ದಾಟುತ್ತಿರಲಿಲ್ಲ.

"ಏನಪ್ಪಾ ಅಬೂ ಸಾಲಿಮ್, ನಿನ್ನ ಸುಲ್ತಾನ ಮೂತಿಗೆ ಹಿಟ್ಟು ಮೆತ್ಕೊಂಡು ಕೂತಿದಾನಲ್ಲ?"

ಕರಾಮ ಗಡ್ಡ ನೀವಿಕೊಂಡ. "ಇಲ್ಲ ಅನ್ನಲ್ಲ ಮುಕದ್ದಮರೇ. ನನ್ನ ಹುಳಾನೇ ಹೋಗಿರಬಹುದು. ಆದ್ರೆ ನಮ್ಮ ಕಟ್ಟಳೆ ಏನು ಹೇಳುತ್ತೆ? ಆಡು ರಾತ್ರಿ ಹೊಲ ಮೇಯ್ದ್ರೆ ಆಡಿನವನು ದಂಡ ತೆರಬೇಕು. ಹಗಲಲ್ಲಿ ಮೇಯ್ದ್ರೆ? ಹಗಲು ಕಾಯೋದು ಹೊಲದವನ ಕೆಲಸ. ನನ್ನ ಹುಳ ಸೂರ್ಯ ಮುಳುಗೋ ಮುಂಚೆ ಮನೆ ಸೇರುತ್ತೆ. ಹಗಲು ತನ್ನ ಬಾಗಿಲು ತಾನು ಕಾಯ್ದೆ ಇದ್ರೆ ಅದಕ್ಕೆ ನಾನೇನು ಮಾಡ್ಲಿ?"

ಡೇರೆಯಲ್ಲಿ ತಲೆಗಳು ಆಡಿದವು. ಮಾತು ಕಟ್ಟಳೆಗೆ ಸರಿಯಾಗಿತ್ತು. ಮುಕದ್ದಮ್ ಮನಸ್ಸಿಲ್ಲದ ಮನಸ್ಸಿನಿಂದ ಹೇಳಿದ, "ಹೌದು ಮಗಳೇ. ಹಗಲಲ್ಲಿ ಕಾಯೋದು ಜಾಗದವರ ಕೆಲಸ. ಎಲ್ಲಿ ಹುಳ ಹೋಯ್ತೋ, ಏನು ಒಯ್ತೋ, ಅದಕ್ಕೆ ದಂಡ ಇಲ್ಲ. ಇದು ನನ್ನ ತೀರ್ಮಾನ."

"ಎಲ್ರೂ ಕೇಳಿಸ್ಕೊಂಡ್ರಾ?" ಎಂದಳು ಮುಜ್ನಾ.

"ಕೇಳಿಸ್ಕೊಂಡ್ವಿ."

"ಸರಿ. ನಂಗೆ ಒಪ್ಪಿಗೆ."

ಸೋತವರ ಮುಖ ಇಷ್ಟು ತಣ್ಣಗೆ ಇರುವುದನ್ನು ಯಾರೂ ನೋಡಿರಲಿಲ್ಲ. ಗೆದ್ದವನು ಸೋತವರಿಗೆ ಕಾಫಿ ಕೊಡದೆ ಕಳಿಸುವಂತಿಲ್ಲ, ಜಗಳದ ಕಹಿ ಡೇರೆಯಲ್ಲೇ ಉಳಿಯಬೇಕು ಎನ್ನುವುದು ಇವರ ರೀತಿ. ಶುಂಠಿಯ ಕಾಫಿ ಬಂತು, ಖರ್ಜೂರ ಬಂತು. ಗೆದ್ದ ಖುಷಿಯಲ್ಲಿ ಕರಾಮನ ಎದೆ ಉಬ್ಬಿ ನಿಂತಿತ್ತು. ತಾನೇ ಹೂಜಿ ಹಿಡಿದು ಎಲ್ಲರಿಗೂ ಬಗ್ಗಿಸಿ, ಮುಜ್ನಾಳ ಬಟ್ಟಲಿಗೂ ಬಗ್ಗಿಸಿದ. "ಕುಡಿ ತಂಗಿ, ಮನಸ್ಸಲ್ಲಿ ಏನೂ ಇಟ್ಕೋಬೇಡ. ನನ್ನ ಮನೆ ನಿನ್ನ ಮನೆ. ನನ್ನ ಜಾಗ ನಿನ್ನ ಜಾಗ."

ಮುಜ್ನಾ ಬಟ್ಟಲನ್ನು ತೆಗೆದುಕೊಂಡಳು, ತುಟಿಗೆ ತಾಗಿಸಲಿಲ್ಲ. ನಿಧಾನವಾಗಿ ಮುಂದಿನ ಚಾಪೆಯ ಮೇಲೆ ಇಟ್ಟಳು.

ಮಬ್ಖೂತ್ ಬಾಯಲ್ಲಿದ್ದ ಖರ್ಜೂರವನ್ನು ಅಗಿಯುವುದನ್ನೇ ನಿಲ್ಲಿಸಿದ. ಕಾಫಿಯ ಬಟ್ಟಲನ್ನು ಕುಡಿಯದೆ ಕೆಳಗಿಟ್ಟರೆ ಏನರ್ಥ ಎಂದು ಆ ಕಣಿವೆಯಲ್ಲಿ ಹಾಲುಗಲ್ಲದ ಕೂಸಿಗೂ ಗೊತ್ತು. ಬಂದವರಿಗೆ ಒಂದು ಕೋರಿಕೆ ಇದೆ. ಮನೆಯವನು ಅದನ್ನು ನಡೆಸಿಕೊಟ್ಟರೆ ಬಟ್ಟಲು ಏಳುತ್ತದೆ. ಏಳದೆ ತಣ್ಣಗಾದರೆ ಅವನ ಮನೆಯ ಕಾಫಿ ಬೆಲೆ ಕಳೆದುಕೊಳ್ಳುತ್ತದೆ, ಆಮೇಲೆ ಅಂಥವನ ಡೇರೆಗೆ ಮರ್ಯಾದಸ್ಥರು ಕಾಲಿಡುವುದಿಲ್ಲ.

ಕರಾಮ ನಕ್ಕ. ಜೇನು ಕೇಳುತ್ತಾಳೆ, ಒಂದು ಡಬ್ಬಿ ಕೊಟ್ಟರೆ ನಾಳೆ ಇಡೀ ಕಣಿವೆ ತನ್ನ ಕೊಡುಗೈಯನ್ನು ಹೊಗಳುತ್ತದೆ ಎಂದು ಅವನ ಎಣಿಕೆ. "ಕೇಳು ತಂಗಿ. ಮುಕದ್ದಮರ ಎದುರಿಗೇ ಕೇಳು."

"ನೀನೇ ಅಂದ್ಯಲ್ಲ ಅಬೂ ಸಾಲಿಮ್, ನನ್ನ ಜಾಗ ನಿನ್ನ ಜಾಗ ಅಂತ. ಅಷ್ಟೇ ಸಾಕು ನಂಗೆ. ಸುಲ್ತಾನ ಕೂತಿರೋ ಜಾಗದಲ್ಲಿ ನನ್ನ ಗೂಡು ಇಡ್ತೀನಿ. ನನ್ನ ಗೂಡಿನ ಜಾಗದಲ್ಲಿ, ಊಟೆ ಪಕ್ಕ, ಬಂಡೆ ನೆರಳಲ್ಲಿ, ನಿನ್ನ ಸುಲ್ತಾನ ಇರ್ಲಿ. ಈ ಕ್ಷಣದಿಂದ ಎಲಚಿ ಹೂ ಉದುರೋ ತನಕ."

ಇಲ್ಲೇ ನೋಡಿ ಕರಾಮ ಕೆಟ್ಟದ್ದು. ಬೇರೆ ಯಾವ ದಿನವಾದರೂ, ಬೇರೆ ಯಾವ ಜಾಗವಾದರೂ, ಅಂಥ ಗಟ್ಟಿಗ ಜೇನುಗಾರ ಒಂದು ಗಳಿಗೆ ಯೋಚಿಸುತ್ತಿದ್ದ. ಆದರೆ ಅವನ ಕಿವಿಗೆ ಊಟೆ ಬಿತ್ತು, ನೆರಳು ಬಿತ್ತು, ಮಿಕ್ಕದ್ದು ಬೀಳಲೇ ಇಲ್ಲ. ವರ್ಷಗಳಿಂದ ಬಾಯಲ್ಲಿ ನೀರೂರಿಸಿಕೊಂಡು ನೋಡುತ್ತಿದ್ದ ಜಾಗಕ್ಕೆ ಇವಳೇ ಸುಲ್ತಾನನನ್ನು ಹೊತ್ತು ತಂದು ಕೂರಿಸು ಎನ್ನುತ್ತಿದ್ದಾಳೆ. ಇವಳ ಗೂಡು ಹೇಗೂ ಸಾಯುತ್ತದೆ. ಮುಕದ್ದಮ್ ಕಿವಿ ಹಚ್ಚುವ ದಿನ ಆ ಜಾಗದಲ್ಲಿ ಮೊರೆಯುತ್ತಿರುವುದು ಸುಲ್ತಾನ.

"ಕುಡಿ ತಂಗಿ! ಕೇಳಿದ್ದು ಕೊಟ್ಟೆ. ಎಲ್ಲರೂ ಸಾಕ್ಷಿ."

ಮುಜ್ನಾ ಪರದೆಯ ಅಡಿಯಲ್ಲಿ ಬಟ್ಟಲು ಎತ್ತಿ ಒಂದೇ ಗುಟುಕಿಗೆ ಕುಡಿದಳು. "ಕೈ ಹಾಕಿ, ಬಿಸಿಲಿರೋವಾಗ್ಲೇ ಎತ್ತಿಡೋಣ," ಎಂದು ಎಲ್ಲರಿಗಿಂತ ಮೊದಲು ಎದ್ದಳು.

ಅವಳ ಗೂಡಿನ ಬಾಯಲ್ಲಿ ಕಳ್ಳತನ ಆಗ ಭರ್ಜರಿಯಾಗಿ ಸಾಗಿತ್ತು. ಗೂಡು ಎತ್ತುವ ಮೊದಲು ಅವಳು ಡಬ್ಬಿಯಲ್ಲಿದ್ದ ಹಿಟ್ಟನ್ನೆಲ್ಲ ಬೊಗಸೆಯಲ್ಲಿ ತುಂಬಿ ಆ ಬಾಯಿಗೆ ಎರಚಿದಳು. ಮಬ್ಖೂತ್ ಮತ್ತು ಇನ್ನೊಬ್ಬ ಆ ಕೊಳವೆಯನ್ನು ಹೊತ್ತು ಓಡಿದರು, ಕರಾಮನ ಆಳುಗಳು ಸುಲ್ತಾನನನ್ನು ಮೆರವಣಿಗೆಯ ಮದುಮಗನಂತೆ ಹೊತ್ತು ತಂದರು. ಇದರ ಜಾಗದಲ್ಲಿ ಅದು, ಅದರ ಜಾಗದಲ್ಲಿ ಇದು, ಬಾಯಿ ಇದ್ದ ದಿಕ್ಕಿಗೇ ಬಾಯಿ. ಊಟೆಯ ಪಕ್ಕ ಕೂತ ಸುಲ್ತಾನನನ್ನು ನೋಡಿ ಕರಾಮ ಕಣ್ಣು ತುಂಬಿಸಿಕೊಂಡ.

ಆಗ ಮುಕದ್ದಮ್ ಬಖೀತ್ ಅತ್ತ ಕಡೆಯಿಂದ ಕೂಗಿದ, "ಅಬೂ ಸಾಲಿಮ್, ಇಲ್ಲಿ ಬಾ. ಏನೋ ತಮಾಷೆ ನಡೀತಿದೆ."

ಹುಳುವಿಗೆ ಗೂಡಿನ ಗುರುತು ಆಮೇಲೆ, ಮೊದಲು ಜಾಗದ ಗುರುತು. ಎಲ್ಲಿಂದ ಹೊರಟಿತ್ತೋ ಅಲ್ಲಿಗೆ ಕಣ್ಣು ಮುಚ್ಚಿಕೊಂಡು ಬರುತ್ತದೆ. ಸುಲ್ತಾನನ ಹುಳುಗಳು ಮುಜ್ನಾಳ ಜೇನು ಕುಡಿದು, ಹಿಟ್ಟು ಮೆತ್ತಿಕೊಂಡು, ಬೆಳ್ಳಗೆ, ದಪ್ಪಗೆ, ತಮ್ಮ ಮನೆಯ ಮೂಲೆಗೆ ಬಂದವು. ಒಂದು ಸುತ್ತು ಸುತ್ತಿದವು. ಅಲ್ಲಿದ್ದ ಬಾಯೊಳಗೆ ಇಳಿದವು. ಅದು ಮುಜ್ನಾಳ ಗೂಡಿನ ಬಾಯಿ. ಕದ್ದ ಮಾಲನ್ನು ಕದ್ದ ಮನೆಗೇ ತಂದು ಸುರಿದವು. ಕೈಯಲ್ಲಿ ಸರಕು ತಂದವರನ್ನು ಯಾವ ಮನೆಯ ಕಾವಲಿನವರೂ ಹೊರಗಟ್ಟುವುದಿಲ್ಲ, ಹುಳುಗಳಲ್ಲೂ ಹಾಗೆಯೇ. ಸುರಿದು, ಹಗುರಾಗಿ, ಮತ್ತೆ ಕದಿಯಲು ಎದ್ದು ಊಟೆಯ ಕಡೆಗೆ ಹೋದವು. ಅಲ್ಲಿ ಕೂತಿದ್ದವನು ಸುಲ್ತಾನ. ತಮ್ಮವರು ಎಂದು ಬಾಗಿಲವರು ಒಳಗೆ ಬಿಟ್ಟರು. ಅವು ತಮ್ಮ ಸ್ವಂತ ಉಗ್ರಾಣಕ್ಕೇ ಕನ್ನ ಹಾಕಿ, ಹೊಟ್ಟೆ ತುಂಬಿಸಿಕೊಂಡು, ಹಾರಿ ಬಂದು, ಮುಜ್ನಾಳ ಗೂಡಿಗೆ ಸುರಿದವು!

ಜನ ಬಿದ್ದು ಬಿದ್ದು ನಕ್ಕರು. ಮಬ್ಖೂತನಿಗಂತೂ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತು. ಕರಾಮನ ಮುಖ ಬೂದಿಯಾಯಿತು.

"ನಿಲ್ಸಿ! ನನ್ನ ಹುಳ! ನನ್ನ ಜೇನು! ಮುಕದ್ದಮರೇ, ಇದು ಹಗಲು ದರೋಡೆ!"

"ಹಗಲೇ," ಎಂದ ಮುಕದ್ದಮ್, ಆಕಾಶಕ್ಕೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿ. "ಹಗಲಲ್ಲಿ ಕಾಯೋದು ಯಾರ ಕೆಲಸ ಅಂದ್ಯಪ್ಪ ಆಗ್ಲೇ? ನನ್ನ ಕಿವಿ ಒಂದು ಮಂದ, ಇನ್ನೊಂದ್ಸಲ ಹೇಳು."

ಕರಾಮ ಸುಲ್ತಾನನನ್ನು ವಾಪಸ್ ಎತ್ತಿಸಲು ಆಳುಗಳಿಗೆ ಕೈ ಬೀಸಿದ.

"ಅವಳ ಬಟ್ಟಲೂ ಖಾಲಿಯಾಯ್ತು," ಎಂದು ಮುದುಕ ಮಾತು ಮುಗಿಸಿದ. "ಕುಡಿದ ಕಾಫಿ ವಾಪಸ್ ಹೂಜಿಗೆ ಹೋಗಲ್ಲ."

ಬಿಡಾರಕ್ಕೆ ಮರಳುವಾಗ ಮಬ್ಖೂತ್ ಬಿಕ್ಕುತ್ತಲೇ ಕೇಳಿದ, "ಹಾಗಾದ್ರೆ ನೀನು ಪಂಚಾಯ್ತಿಗೆ ಹೋಗಿದ್ದು..."

"ನ್ಯಾಯಕ್ಕಲ್ಲ ಅಣ್ಣ, ಕಾಫಿಗೆ," ಎಂದಳು ಮುಜ್ನಾ. ಆದರೆ ಅವಳ ದನಿಯಲ್ಲಿ ನಗು ಇರಲಿಲ್ಲ. ಇನ್ನೂ ಒಂದು ಗಂಡಾಂತರ ಬಾಕಿ ಇತ್ತು.

ಒಳಗೆ ಬಂದ ಸಾವಿರಾರು ಪರಕೀಯರು ಅವಳ ಅಪ್ಪನನ್ನು ಒಪ್ಪಬೇಕಲ್ಲ. ಒಪ್ಪದಿದ್ದರೆ ಸುತ್ತ ಮುತ್ತಿ, ಉಂಡೆಗಟ್ಟಿ, ಬಿಸಿಯೇರಿಸಿ ಕೊಲ್ಲುತ್ತವೆ. ಅಪ್ಪ ಸತ್ತರೆ ಮೊಟ್ಟೆಯಿಲ್ಲ, ಮರಿಯಿಲ್ಲ, ತುಂಬಿದ ಗೂಡೂ ಗೋರಿಯೇ. ಮುಜ್ನಾ ದಿನಾ ಬೆಳಿಗ್ಗೆ ಕರಾಮನ ಗೂಡುಗಳ ಗೋಡೆಯ ಹಿಂದೆ ಟೋಪಿಯಿಟ್ಟುಕೊಂಡು ಕೂರುತ್ತಿದ್ದಳು, ಮುಚ್ಚಳ ತೆಗೆದು ಪಂಜರವನ್ನು ನೋಡುತ್ತಿದ್ದಳು. ಮೊದಲು ಹುಳುಗಳು ಪಂಜರದ ಕಡ್ಡಿಗಳನ್ನು ಕಚ್ಚಿ ಹಿಡಿದಿದ್ದವು, ಹುಲ್ಲಿನಿಂದ ನೂಕಿದರೂ ಬಿಡಲಿಲ್ಲ. ಮರುದಿನವೂ ಅದೇ. ಅವಳಿಗೆ ಅನ್ನ ಸೇರಲಿಲ್ಲ. ಒಣಗಿಸಿದ ಮೀನು ಹಾಕಿ ಮಬ್ಖೂತ್ ಬೇಯಿಸಿಟ್ಟ ಅನ್ನವನ್ನು ಅವನೇ ಉಂಡ.

ಕರಾಮ ಅಲ್ಲಿಂದ ಹಾದು ಹೋಗುತ್ತ ದನಿ ಎತ್ತರಿಸಿದ, "ಏನಮ್ಮಾ, ನಿಮ್ಮಪ್ಪನಿಗೆ ಜೈಲೇ ಗತಿಯಾ?"

ಮುಜ್ನಾ ಗೂಡಿನ ಮುಚ್ಚಳ ಹಾಕಿದಳು. ಅವನ ಮಾತು ಅವತ್ತು ನಿಜವಾಗಿಯೂ ನಾಟಿತು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಅವಳು ಮುಚ್ಚಳ ತೆಗೆದಾಗ ಪಂಜರದ ಮೇಲೆ ಹುಳುಗಳು ಸಡಿಲವಾಗಿ ಓಡಾಡುತ್ತಿದ್ದವು. ಹುಲ್ಲು ತಾಗಿಸಿದರೆ ಸರಿದು ದಾರಿ ಬಿಟ್ಟವು. ಒಂದು ಹುಳು, ಮೈಯ ರೋಮದಲ್ಲಿ ಇನ್ನೂ ಹಿಟ್ಟಿನ ಬಿಳಿ ಉಳಿಸಿಕೊಂಡಿದ್ದ ಒಂದು ಹಳೆಯ ಕಳ್ಳಿ, ಕಡ್ಡಿಗಳ ಸಂದಿನಿಂದ ನಾಲಿಗೆ ಚಾಚಿ ಅಪ್ಪನಿಗೆ ಉಣಿಸುತ್ತಿತ್ತು.

"ಅಣ್ಣಾ," ಎಂದು ಮುಜ್ನಾ ಮೆಲ್ಲಗೆ ಕರೆದಳು, ಗಟ್ಟಿಯಾಗಿ ಕರೆದರೆ ಎಲ್ಲಿ ಕೆಡುತ್ತದೋ ಎಂಬಂತೆ. "ಅಪ್ಪನಿಗೆ ಊಟ ಹಾಕ್ತಿದಾರೆ." ಪಂಜರದ ಬಾಗಿಲನ್ನು ತೆಗೆದಳು. ಅಪ್ಪ ಎರಿಯ ಮೇಲೆ ನಡೆದು, ಪರಕೀಯರ ನಡುವೆ ದಾರಿ ಮಾಡಿಕೊಂಡು ಒಳಗೆ ಹೋಯಿತು. ಅವಳು ಕರಾಮನ ಗೋಡೆಗೆ ಒರಗಿ ಮನಸಾರೆ ಅತ್ತಳು.

ಎಲಚಿ ಹೂ ಬಿರಿದ ದಿನ ಇಡೀ ಬಯಲು ಘಮಘಮ ಎನ್ನುತ್ತಿತ್ತು. ಮುಕದ್ದಮ್ ಬಖೀತ್ ಸಾಲಾಗಿ ಎಲ್ಲರ ಗೂಡಿಗೂ ಕಿವಿ ಹಚ್ಚುತ್ತ ಬಂದ. ಮುಜ್ನಾಳ ಗೂಡಿಗೆ ಮೊದಲು ತಪ್ಪಿ ಮಂದ ಕಿವಿಯನ್ನೇ ಹಚ್ಚಿದ. ಹಚ್ಚಿದವನು ಬೆಚ್ಚಿ ಹಿಂದೆ ಸರಿದ. "ಅಬ್ಬಬ್ಬಾ! ಈ ಕಿವಿಗೂ ಕೇಳಿಸ್ತಲ್ಲ! ಒಳಗೆ ಮದುವೆ ನಡೀತಿದ್ಯಾ ಮಗಳೇ?" ಆಮೇಲೆ ಊಟೆಯ ಪಕ್ಕ ಬಂದು ಸುಲ್ತಾನನಿಗೆ ಒಳ್ಳೆಯ ಕಿವಿ ಹಚ್ಚಿ, ತುಂಬ ಹೊತ್ತು ಕಣ್ಣು ಮುಚ್ಚಿ ನಿಂತ. "ಇದಾನೆ," ಎಂದ ಕೊನೆಗೆ. "ಬದುಕಿದಾನೆ. ಆದ್ರೆ ಸುಲ್ತಾನ ಅನ್ನೋ ಹೆಸರು ಸ್ವಲ್ಪ ದೊಡ್ಡದಾಯ್ತು ಅಬೂ ಸಾಲಿಮ್." ಆಮೇಲೆ ಎಲ್ಲರಿಗೂ ಕೇಳುವಂತೆ ಸಾರಿದ, "ಮುಜ್ನಾಳ ಗೂಡು ಮೊರೀತು. ಊಟೆ ಪಕ್ಕದ ಜಾಗ ಮುಜ್ನಾಳದ್ದು. ಸುಲ್ತಾನ ಅಲ್ಲಿ ಬರೀ ನೆಂಟ. ಹೂ ಉದುರಿದ ದಿನ ಎದ್ದು ಹೋಗ್ಬೇಕು."

ಹೆಂಗಸರು ಬಿಡಾರಗಳಿಂದ ನಾಲಿಗೆ ಆಡಿಸಿ ಹರ್ಷದ ಕೇಕೆ ಹಾಕಿದರು. ಮಬ್ಖೂತ್ ತಾನೇ ಗೆದ್ದವನಂತೆ ಎಲ್ಲರ ಕೈ ಕುಲುಕಿದ. ಜನ್ಮದಲ್ಲಿ ಮೊದಲ ಸಲ ಅವನ ಹೆಸರು ಅವನಿಗೆ ಒಪ್ಪುವಂತೆ ಕಂಡಿತು.

ಹೂವಿನ ಸುಗ್ಗಿ ಜೋರಾಗಿದ್ದಾಗ ಒಂದು ಸಂಜೆ ಕರಾಮ ಮುಜ್ನಾಳ ಡೇರೆಗೆ ಬಂದ. ಈಗ ಅವಳ ಗೂಡು ಕೂತ ತನ್ನ ಹಳೆಯ ಮೂಲೆಗೆ ಕಣಿವೆಯ ಹುಳುವೆಲ್ಲ ಜೇನು ಹೊತ್ತು ತರುತ್ತಿದೆಯೇನೋ ಎಂದು ಅವನಿಗೆ ಅನಿಸಲು ಶುರುವಾಗಿ ನಿದ್ದೆ ಕೆಟ್ಟಿತ್ತು. ಮುಕದ್ದಮನೂ ಅಲ್ಲೇ ಕೂತಿದ್ದ. ಮಬ್ಖೂತ್ ಕಾಫಿ ಬಗ್ಗಿಸಿದ. ಕರಾಮ ಬಟ್ಟಲು ತೆಗೆದುಕೊಂಡ. ತುಟಿಗೆ ತಾಗಿಸಲಿಲ್ಲ. ಚಾಪೆಯ ಮೇಲೆ ಇಟ್ಟು, ತಲೆ ತಗ್ಗಿಸಿ ಕೂತ.

ಮುಜ್ನಾ ಬಟ್ಟಲಿನ ಹಬೆ ಕಡಿಮೆಯಾಗುವುದನ್ನು ನೋಡುತ್ತ ಕೂತಳು.

"ನಿನ್ನ ಮರ್ಯಾದೆ ನನ್ನ ಮರ್ಯಾದೆ ಅಬೂ ಸಾಲಿಮ್," ಎಂದಳು ಕೊನೆಗೆ. "ಜೇನು ಕೇಳು, ಕೊಡ್ತೀನಿ. ಮರಿ ಮಾಡಿಸಿ ಒಂದು ಹೊಸ ಅಪ್ಪನ್ನ ಕೇಳು, ಅದನ್ನೂ ಕೊಡ್ತೀನಿ. ಹೂ ಉದುರೋ ಮುಂಚೆ ಜಾಗ ವಾಪಸ್ ಕೊಡೋದೊಂದನ್ನ ಬಿಟ್ಟು ಏನು ಬೇಕಾದ್ರೂ ಕೇಳು."

ಮುಕದ್ದಮ್ ಬಖೀತ್ ಡೇರೆಯ ಸೂರು ನೋಡಿದ. ಕರಾಮ ಬಟ್ಟಲನ್ನು ನೋಡಿದ. ಆಮೇಲೆ ಅದನ್ನು ಎತ್ತಿ, ಏನೂ ಕೇಳದೆ, ತಣ್ಣಗಾದ ಕಾಫಿಯನ್ನು ಕುಡಿದ.